ಬ್ರಿಡ್ಜರ್ಟನ್ ನೋಡಿ ಮನೆಯಲ್ಲಿ ಮೂರು ಮಾತು: ಯಾರದು ಸರಿ?

ಪ್ರಶ್ನೆ: ನಾನು, ನನ್ನ ನಾದಿನಿ, ನನ್ನ ಮಗಳು (22 ವರ್ಷ) ಮೂವರೂ ನೆಟ್‌ಫ್ಲಿಕ್ಸ್‌ನಲ್ಲಿ ‘ಬ್ರಿಡ್ಜರ್ಟನ್’ ನೋಡಿದೆವು. ಮಗಳಿಗೆ ಅದು ಹೆಣ್ಣಿನ ಮನಸ್ಸು ಅರಿತು ಮಾಡಿದ ಪ್ರೇಮಕಥೆ. ನಾದಿನಿಗೆ ರೇಷ್ಮೆ ಸುತ್ತಿದ ನೀಲಿಚಿತ್ರ. ನನಗೆ ಮೊದಲ ಸೀಸನ್ನಿನ ಹಸಿಬಿಸಿ ದೃಶ್ಯಗಳು ಮುಜುಗರ ತಂದವು, ಎರಡನೆಯ ಸೀಸನ್ ಮಾತ್ರ ಬಹಳ ಹಿಡಿಸಿತು. ಮಗಳು ‘ಅಮ್ಮ, ನಿಂದು ಹಳೇ ಕಾಲದ ರುಚಿ’ ಅಂತಾಳೆ. ಇವೆಲ್ಲ ಕಾದಂಬರಿಯಲ್ಲೇ ಇವೆಯೇ, ಟಿವಿಯವರು ತುರುಕಿದ್ದೇ? ಆ ಕಾಲ ನಿಜಕ್ಕೂ ಹಾಗಿತ್ತೇ? ನೋಡಿದವರ ಅಭಿಪ್ರಾಯ ಇಷ್ಟು ಎದುರುಬದುರು ಯಾಕೆ? ಇನ್ನೊಂದು ಸಣ್ಣ ಪ್ರಶ್ನೆ: 76 ವರ್ಷದ ನಮ್ಮ ಅತ್ತೆಯವರಿಗೆ ಆ ಉಡುಪು, ಬಂಗಲೆ ನೋಡುವ ಆಸೆ. ಅವರ ಜೊತೆ ಕೂತು ಯಾವುದನ್ನು ನೋಡಬಹುದು?
— ಓದುಗರು, ಶಿವಮೊಗ್ಗ

ಉತ್ತರ: ಎರಡನೆಯ ಸೀಸನ್ ಮೆಚ್ಚಿದವರೆಲ್ಲ ಹಳೇ ಕಾಲದವರಾದರೆ ಆ ಕಾಲದವರ ಸಂಖ್ಯೆ ಸಣ್ಣದಲ್ಲ ಎಂದು ಮೊದಲು ನಿಮ್ಮ ಮಗಳಿಗೆ ಹೇಳಿ. ನೆಟ್‌ಫ್ಲಿಕ್ಸ್ ತಾನೇ ಪ್ರಕಟಿಸಿದ ಲೆಕ್ಕದಂತೆ, ಬಿಡುಗಡೆಯಾದ ಮೊದಲ 28 ದಿನಗಳಲ್ಲಿ ಮೊದಲ ಸೀಸನ್ ಅನ್ನು ಜನ ಸುಮಾರು 62.5 ಕೋಟಿ ಗಂಟೆ ನೋಡಿದ್ದರು. 2022ರ ಮಾರ್ಚ್ 25ಕ್ಕೆ ಬಂದ ಎರಡನೆಯದನ್ನು ಅದೇ ಅವಧಿಯಲ್ಲಿ ಸುಮಾರು 65.6 ಕೋಟಿ ಗಂಟೆ. ಮುಂದೆ ಕಂಪನಿ ಅಳತೆಯ ಅವಧಿಯನ್ನು 91 ದಿನಕ್ಕೆ ಹಿಗ್ಗಿಸಿದಾಗ ಮೊದಲನೆಯದೇ ಮುಂದೆ ಹೋಯಿತು: ಸುಮಾರು 93 ಕೋಟಿ ಗಂಟೆಗೆ ಎದುರಾಗಿ 80 ಕೋಟಿ. ಬಿಸಿ ಕಡಿಮೆಯಾದರೆ ಜನ ಬರುವುದಿಲ್ಲ ಎನ್ನುವವರೂ, ಕಡಿಮೆಯಾದ್ದಕ್ಕೇ ಬಂದರು ಎನ್ನುವವರೂ ಈ ಅಂಕಿಗಳನ್ನು ತಮ್ಮ ಕಡೆಗೆ ಎಳೆದುಕೊಳ್ಳಲಾರರು.

ಇಪ್ಪತ್ತಕ್ಕೂ ಹೆಚ್ಚು ವರ್ಷ ಇಂಗ್ಲಿಷ್ ಕಾದಂಬರಿ ಪಾಠ ಮಾಡಿದ್ದೇನೆ. ಕಾದಂಬರಿ ತೆರೆಗೆ ಬಂದಾಗ ಏನೇನು ಉಳಿಯುತ್ತದೆ, ಏನೇನು ಸೋರುತ್ತದೆ ಎನ್ನುವುದೇ ಈಗ ನನ್ನ ಕೆಲಸ. ಈ ಸರಣಿಯ ಬಗ್ಗೆ ಜನ ಆಡಿದ ಮಾತುಗಳನ್ನು ಗಮನಿಸುತ್ತ ಬಂದವಳಿಗೆ ಒಂದು ಸಂಗತಿ ಗಟ್ಟಿಯಾಗಿ ಅನ್ನಿಸಿದೆ. ಜಗಳ ನಡೆಯುವುದು ದೃಶ್ಯ ಎಷ್ಟು ಹಸಿ ಎನ್ನುವುದರ ಮೇಲಲ್ಲ. ಆ ಕೋಣೆಯೊಳಗೆ ಇರುವ ಇಬ್ಬರಲ್ಲಿ ಯಾರಿಗೆ ಏನು ಗೊತ್ತು, ನಾವು ಅದನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ, ದೃಶ್ಯ ಮುಗಿದ ಮೇಲೆ ಕಥೆ ಒಂದು ಹೆಜ್ಜೆಯಾದರೂ ಮುಂದೆ ಹೋಯಿತೇ ಎನ್ನುವುದರ ಮೇಲೆ.

ಕಾದಂಬರಿಯಿಂದಲೇ ಹೊರಡೋಣ. ಜೂಲಿಯಾ ಕ್ವಿನ್ ಅಮೆರಿಕದ ಲೇಖಕಿ. ಬ್ರಿಡ್ಜರ್ಟನ್ ಮನೆತನದ ಎಂಟು ಮಂದಿ ಅಣ್ಣತಮ್ಮ ಅಕ್ಕತಂಗಿಯರಿಗೆ ಎಂಟು ಕಾದಂಬರಿ. ಆಂಥೋನಿ, ಬೆನೆಡಿಕ್ಟ್, ಕಾಲಿನ್, ಡ್ಯಾಫ್ನಿ ಎಂದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಟ್ಟ ಮಕ್ಕಳು. ಮೊದಲನೆಯದು 2000ದಲ್ಲಿ ಬಂತು. ಡ್ಯಾಫ್ನಿ ಮತ್ತು ಡ್ಯೂಕ್ ಸೈಮನ್‌ರ ಕಥೆ, 1813ರ ಲಂಡನ್ನು. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್‌ರ ಅತಿ ಜನಪ್ರಿಯ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅಚ್ಚಾದ ವರ್ಷವೂ 1813 ಎನ್ನುವುದನ್ನು ನೆನಪಿಡಿ, ಏಕೆಂದರೆ ಗೊಂದಲ ಹುಟ್ಟುವುದೇ ಅಲ್ಲಿ. ಆಸ್ಟಿನ್‌ರಲ್ಲಿ ಮದುವೆ ಎಂದರೆ ಕೊನೆಯ ಪುಟ. ಕ್ವಿನ್ ಬರೆಯುವುದು ಅಮೆರಿಕದಲ್ಲಿ ‘ರೊಮಾನ್ಸ್’ ಎಂದು ಕರೆಸಿಕೊಳ್ಳುವ ಪ್ರಕಾರ. ಅಲ್ಲಿ ಮದುವೆ ಎಷ್ಟೋ ಸಲ ಕಥೆಯ ನಡುವಿಗೇ ಬಂದುಬಿಡುತ್ತದೆ. ಗಂಡಹೆಂಡಿರಾದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಅರಿಯುವುದೇ ಕಥೆಯ ಉಳಿದರ್ಧ, ಆ ಅರಿವು ದೊಡ್ಡ ಪಾಲು ನಡೆಯುವುದು ಮಲಗುವ ಕೋಣೆಯಲ್ಲಿ. ಹಾಗಾಗಿ ಡ್ಯಾಫ್ನಿ-ಸೈಮನ್ನರ ದೃಶ್ಯಗಳನ್ನು ಟಿವಿಯವರು ತುರುಕಲಿಲ್ಲ. ಅವುಗಳನ್ನು ಕಿತ್ತರೆ ಕಥೆಯ ಬೆನ್ನೆಲುಬೇ ಹೋಗುತ್ತದೆ.

ತುರುಕಿದ್ದು ಬೇರೆ. ಮೊದಲ ಕಂತಿನಲ್ಲೇ ಆಂಥೋನಿ ಒಪೆರಾ ಗಾಯಕಿ ಸಿಯೆನಾಳೊಂದಿಗೆ ಮರಕ್ಕೊರಗಿ ಕಾಣಿಸಿಕೊಳ್ಳುತ್ತಾನಲ್ಲ, ಆ ಎಳೆಗೆ ಡ್ಯಾಫ್ನಿಯ ಕಾದಂಬರಿಯಲ್ಲಿ ಜಾಗವಿಲ್ಲ. ಬೆನೆಡಿಕ್ಟ್ ಹೋಗುವ ಚಿತ್ರಕಾರನ ಮನೆಯ ಪಾರ್ಟಿಗಳೂ ಹಾಗೆಯೇ. ರಾಣಿ ಶಾರ್ಲೆಟ್ ಕೂಡ ಸರಣಿಯವರು ತಂದ ಪಾತ್ರವೇ, ಆದರೆ ಆಕೆ ಬಂದದ್ದು ಲಾಭ. ಸಿಯೆನಾಳ ದೃಶ್ಯಗಳ ಬಗ್ಗೆ ನಿಮ್ಮ ನಾದಿನಿ ಗೊಣಗಿದ್ದರೆ ಅವರ ಪಕ್ಷಕ್ಕೆ ನಾನೂ ಸೇರುತ್ತೇನೆ. ಆ ಹೆಣ್ಣಿಗೆ ಒಳ್ಳೆಯ ಮಾತುಗಳನ್ನು ಕೊಟ್ಟಿದ್ದಾರೆ, ಆದರೆ ಮೈ ತೋರಿಸಿದಷ್ಟು ಮನಸ್ಸು ತೋರಿಸುವುದಕ್ಕೆ ಸಮಯ ಕೊಟ್ಟಿಲ್ಲ.

ಈಗ ಡ್ಯಾಫ್ನಿಯ ವಿಷಯ. ಈ ಸೀಸನ್ನಿನ ಜೀವ ಇರುವುದು ಆಕೆಯ ತಿಳಿವಳಿಕೆಯ ಕೊರತೆಯಲ್ಲಿ. ಉತ್ತಮ ಮನೆತನದ ಹುಡುಗಿ. ಪಿಯಾನೋ ಬಲ್ಲಳು, ನೃತ್ಯ ಬಲ್ಲಳು, ಮಕ್ಕಳು ಹೇಗೆ ಹುಟ್ಟುತ್ತವೆ ಎನ್ನುವುದು ಗೊತ್ತಿಲ್ಲ. ಮದುವೆಗೆ ಮುಂಚೆ ತಾಯಿ ವಯೊಲೆಟ್ ಹೇಳಲು ಹೋಗಿ, ತಡವರಿಸಿ, ಅರ್ಧಂಬರ್ಧಕ್ಕೇ ನಿಲ್ಲಿಸಿಬಿಡುತ್ತಾಳೆ. ಈ ಭಾಗವನ್ನು ತರಗತಿಯಲ್ಲಿ ತೋರಿಸಿದಾಗ ಹೆಣ್ಣುಮಕ್ಕಳು ನಗುವುದಿಲ್ಲ, ತಲೆ ತಗ್ಗಿಸುತ್ತಾರೆ. ‘ಅವರು ಹೇಳಿದಂತೆ ಕೇಳು’ ಎಂಬ ಒಂದೇ ಮಾತಿನಲ್ಲಿ ಮಗಳನ್ನು ಕೋಣೆಗೆ ಕಳಿಸಿದ ತಾಯಂದಿರು ಇಂಗ್ಲೆಂಡಿನಲ್ಲಿ ಮಾತ್ರ ಇರಲಿಲ್ಲವಲ್ಲ. ಸೈಮನ್ ‘ನನಗೆ ಮಕ್ಕಳಾಗುವುದಿಲ್ಲ’ ಎನ್ನುತ್ತಾನೆ. ನಿಜವೆಂದರೆ ಮಕ್ಕಳು ಬೇಡ ಎಂದು, ತನ್ನ ತೊದಲನ್ನು ಕಂಡು ತನ್ನನ್ನೇ ತಿರಸ್ಕರಿಸಿದ ತಂದೆಯ ಸಾವಿನ ಹಾಸಿಗೆಯ ಪಕ್ಕದಲ್ಲಿ ಶಪಥ ಮಾಡಿದ್ದಾನೆ. ಆಗುವುದಿಲ್ಲ ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಆಕೆ ಕಂಡುಹಿಡಿಯಬೇಕಾದರೆ, ತಾಯಿ ಹೇಳದೆ ಬಿಟ್ಟದ್ದನ್ನು ಮೊದಲು ತಿಳಿಯಬೇಕು. ಕೊನೆಗೆ ಅದನ್ನು ಬಿಡಿಸಿ ಹೇಳುವವಳು ಮನೆಯ ಸೇವಕಿ ರೋಸ್.

ಆದ್ದರಿಂದ ಐದನೆಯ ಕಂತಿನ ಮೊದಲ ರಾತ್ರಿಯ ದೃಶ್ಯ ಅಷ್ಟು ಉದ್ದವಾಗಿ, ನಿಧಾನವಾಗಿ ಇರುವುದಕ್ಕೆ ಕಾರಣವಿದೆ. ಅದು ಕಲಿಯುತ್ತಿರುವವಳ ಕಣ್ಣಿನಿಂದ ನಡೆಯುತ್ತದೆ. ನಿಮ್ಮ ಮಗಳು ‘ಹೆಣ್ಣಿನ ಮನಸ್ಸು ಅರಿತು ಮಾಡಿದ್ದು’ ಎಂದದ್ದು ಇಂಥದಕ್ಕೇ. ಕ್ಯಾಮೆರಾ ಹೆಚ್ಚು ಹೊತ್ತು ಹೊರಳುವುದು ಗಂಡಿನ ಮೈಮೇಲೆ, ಆಮೇಲೆ ಹೆಣ್ಣಿನ ಮುಖದ ಮೇಲೆ. ಪರದೆಯ ಮೇಲೆ ನಾವು ದಶಕಗಟ್ಟಲೆ ಕಂಡದ್ದು ಇದರ ತಿರುವುಮುರುವು. ಇನ್ನೊಂದು ಮಾತು: ಇಂಥ ದೃಶ್ಯಗಳಿಗಾಗಿಯೇ ‘ಇಂಟಿಮಸಿ ಕೋಆರ್ಡಿನೇಟರ್’ ಎಂಬ ಕಸುಬುದಾರರು ಸೆಟ್ಟಿನಲ್ಲಿದ್ದರು. ಹೊಡೆದಾಟಕ್ಕೆ ಸಾಹಸ ನಿರ್ದೇಶಕರು ಇದ್ದಂತೆ. ಯಾರ ಕೈ ಎಲ್ಲಿ, ಎಷ್ಟು ಹೊತ್ತು ಎನ್ನುವುದು ಮೊದಲೇ ಒಪ್ಪಿಗೆಯಾಗಿ, ತಾಲೀಮಾಗಿ ಬಂದದ್ದು. ನಟಿಯ ಮುಖದಲ್ಲಿ ಕಾಣುವ ನಿರಾಳತೆಗೆ ಈ ಕೆಲಸದ ಕೊಡುಗೆ ಸಣ್ಣದಲ್ಲ ಎಂದು ನಾನು ನಂಬುತ್ತೇನೆ.

ಆರನೆಯ ಕಂತಿಗೆ ಬಂದಾಗ ನಿಮ್ಮ ನಾದಿನಿಯ ಮಾತಿಗೆ ಬಲ ಬರುತ್ತದೆ. ಮದುವೆಯಾದ ಜೋಡಿ ತೋಟದಲ್ಲಿ, ಮೆಟ್ಟಿಲ ಮೇಲೆ, ಗ್ರಂಥಾಲಯದಲ್ಲಿ, ಮಳೆಯಲ್ಲಿ... ಸಂಗೀತದ ಮೇಲೆ ಒಂದಾದಮೇಲೊಂದು ತುಣುಕು. ಐದನೆಯ ಕಂತಿನ ಒಂದು ದೃಶ್ಯ ಹೇಳಿದ್ದಕ್ಕಿಂತ ಹೆಚ್ಚಿನದನ್ನು ಈ ತುಣುಕುಗಳೆಲ್ಲ ಸೇರಿಯೂ ಹೇಳುವುದಿಲ್ಲ. ನಮ್ಮ ಹಳೆಗನ್ನಡದ ಚಂಪೂ ಕಾವ್ಯಗಳಲ್ಲಿ ಅಷ್ಟಾದಶ ವರ್ಣನೆ ಬರಲೇಬೇಕೆಂದು ವನವಿಹಾರ, ಜಲಕ್ರೀಡೆಗಳನ್ನು ತುಂಬಿದ ಪುಟಗಳಿವೆ. ಎಷ್ಟೇ ಚೆನ್ನಾಗಿದ್ದರೂ ಕಥೆ ಎಲ್ಲಿ ನಿಂತಿತ್ತೋ ಅಲ್ಲೇ ಇರುತ್ತದೆ. ಇದೂ ಅಂಥದೇ.

ಆದರೆ ಆ ಕಂತಿನಲ್ಲಿ ನೋಡುಗರನ್ನು ನಿಜಕ್ಕೂ ಎರಡು ಪಾಲು ಮಾಡಿದ್ದು ಈ ತುಣುಕುಗಳಲ್ಲ. ಅದರ ಕೊನೆಯ ಭಾಗದ, ಬಟ್ಟೆಯ ಲೆಕ್ಕದಲ್ಲಿ ನೋಡಿದರೆ ಎಷ್ಟೋ ಸೌಮ್ಯವಾದ ಒಂದು ದೃಶ್ಯ. ವಿಷಯ ತಿಳಿದ ಡ್ಯಾಫ್ನಿ, ಗಂಡ ‘ತಡೆ’ ಎಂದರೂ ತಡೆಯುವುದಿಲ್ಲ. ಕಾದಂಬರಿಯಲ್ಲಿ ಇದು ಇನ್ನೂ ಕಠೋರ. ಅಲ್ಲಿ ಅವನು ಕುಡಿದು ಅರೆಎಚ್ಚರದಲ್ಲಿರುತ್ತಾನೆ. ಸರಣಿಯವರು ಅವನನ್ನು ಎಚ್ಚರವಾಗಿಟ್ಟು ಮೊನಚು ತಗ್ಗಿಸಲು ನೋಡಿದರು, ಸಾಲಲಿಲ್ಲ. ಗಂಡ ಹೆಂಡತಿ ಅದಲುಬದಲಾಗಿದ್ದರೆ ಇದನ್ನು ಏನೆಂದು ಕರೆಯುತ್ತಿದ್ದಿರಿ ಎಂದು ಬಹಳ ಮಂದಿ ಕೇಳಿದರು. ಮೋಸ ಹೋದವಳು ಅವಳಲ್ಲವೇ ಎಂದು ಉಳಿದವರು ಕೇಳಿದರು. ಪಾತ್ರ ಕಪ್ಪು ವರ್ಣದ ಗಂಡಸಿನದಾದ್ದರಿಂದ ಅವನ ನೋವನ್ನು ಇನ್ನೂ ಸಲೀಸಾಗಿ ದಾಟಿಬಿಟ್ಟಿರಿ ಎಂಬ ಆಕ್ಷೇಪವೂ ಬಂತು. ನನ್ನ ಅಭಿಪ್ರಾಯ ಖಚಿತ: ಅಲ್ಲಿ ಎರಡು ತಪ್ಪುಗಳಿವೆ. ಅವಳ ಅಜ್ಞಾನವನ್ನು ಅವನು ಬಳಸಿಕೊಂಡದ್ದು ಒಂದು, ಅವನ ಸಮ್ಮತಿ ಮೀರಿ ಅವಳು ನಡೆದದ್ದು ಇನ್ನೊಂದು. ಸರಣಿ ಮೊದಲನೆಯದಕ್ಕೆ ಎರಡು ಕಂತಿನಷ್ಟು ಮಾತು ಕೊಟ್ಟು ಎರಡನೆಯದನ್ನು ಹೆಸರಿಸದೆ ಮುಂದೆ ಹೋಯಿತು. ಇಡೀ ಸೀಸನ್ನಿನ ಅತಿ ದೊಡ್ಡ ಸೋಲು ಇದು. ಮನೆಯಲ್ಲಿ ಬೆಳೆದ ಮಕ್ಕಳಿದ್ದರೆ ಅವರ ಜೊತೆ ಮಾತಾಡಲೇಬೇಕಾದ ದೃಶ್ಯವೂ ಇದೇ. ಮಗಳನ್ನು ಕೇಳಿ ನೋಡಿ, ಆಕೆಗೆ ಹೇಳುವುದಿರುತ್ತದೆ.

‘ಆ ಕಾಲ ಹಾಗಿತ್ತೇ’ ಎಂದಿರಿ. ಈ ಕಥೆ ನಡೆಯುವ ರೀಜೆನ್ಸಿ ಕಾಲ ಎಂದರೆ 1811ರಿಂದ 1820. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ಕಾಯಿಲೆ ಬಿದ್ದು ಮಗ ರಾಜಪ್ರತಿನಿಧಿಯಾಗಿ ಆಳಿದ ಒಂಬತ್ತು ವರ್ಷ. ಆ ಮಗ 1785ರಲ್ಲೇ ಮರಿಯಾ ಫಿಟ್ಜ್‌ಹರ್ಬರ್ಟ್ ಎಂಬಾಕೆಯನ್ನು ಗುಟ್ಟಾಗಿ ಮದುವೆಯಾಗಿದ್ದವನು. ಅವನ ತಮ್ಮ, ಮುಂದೆ ನಾಲ್ಕನೆಯ ವಿಲಿಯಂ ದೊರೆಯಾದವನು, ನಟಿ ಡೊರೊಥಿಯಾ ಜೋರ್ಡನ್‌ಳೊಂದಿಗೆ ಮದುವೆಯಿಲ್ಲದೆ ಹತ್ತು ಮಕ್ಕಳನ್ನು ಪಡೆದಿದ್ದ. ಗಣ್ಯರ ಸಖಿಯಾಗಿದ್ದ ಹ್ಯಾರಿಯೆಟ್ ವಿಲ್ಸನ್ 1825ರಲ್ಲಿ ತನ್ನ ನೆನಪುಗಳನ್ನು ಅಚ್ಚು ಹಾಕಿಸಿದಾಗ ಲಂಡನ್ನಿನ ಎಷ್ಟೋ ಮನೆಗಳಲ್ಲಿ ನಿದ್ದೆ ಹಾರಿತ್ತು. ರೋಲೆಂಡ್‌ಸನ್‌ನಂಥ ವ್ಯಂಗ್ಯಚಿತ್ರಕಾರರು ಬಿಡಿಸಿದ ಕೆಲವು ಚಿತ್ರಗಳ ಮುಂದೆ ಈ ಸರಣಿ ಸಾತ್ವಿಕ. ಕಾಲ ಮಡಿವಂತವಾಗಿರಲಿಲ್ಲ. ಮರ್ಯಾದಸ್ಥರ ಮನೆಯೊಳಗೆ ಬರುತ್ತಿದ್ದ ಕಾದಂಬರಿ ಮಡಿವಂತವಾಗಿತ್ತು. ಬಿಬಿಸಿಯ ಹಳೆಯ ಧಾರಾವಾಹಿಗಳು ಆ ಕಾದಂಬರಿಗಳನ್ನು ನಮ್ಮ ಕಣ್ಣಿಗೆ ತಂದವು, ನಾವು ಅದನ್ನೇ ಕಾಲದ ಚಿತ್ರ ಎಂದುಕೊಂಡೆವು. 1995ರಲ್ಲಿ ಬಿಬಿಸಿ ಆಸ್ಟಿನ್‌ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅನ್ನು ತೆರೆಗೆ ತಂದಾಗ, ಕೆರೆಯಲ್ಲಿ ಈಜಿ ಒದ್ದೆ ಅಂಗಿಯಲ್ಲಿ ಬರುವ ನಾಯಕನ ದೃಶ್ಯವನ್ನು ರೂಪಾಂತರಕಾರ ಆಂಡ್ರ್ಯೂ ಡೇವಿಸ್ ಸೇರಿಸಿದರು. ಮೂಲದಲ್ಲಿ ಅದಿಲ್ಲ. ಆದರೂ ಇಂದಿಗೂ ಜನಕ್ಕೆ ನೆನಪಿರುವುದು ಅದೇ.

ಆದರೆ ಈ ಸ್ವಾತಂತ್ರ್ಯ ಗಂಡಸರದು ಮಾತ್ರ. ಮದುವೆಯಾಗದ ಹುಡುಗಿ ರಾತ್ರಿ ತೋಟದಲ್ಲಿ ಗಂಡಸಿನೊಂದಿಗೆ ಒಬ್ಬಳೇ ಕಂಡರೆ ಆಕೆಯ ಬಾಳು ಮುಗಿದಂತೆಯೇ. ಸರಣಿಯ ಈ ಭಾಗ ಅಪ್ಪಟ ನಿಜ. ಮದುವೆಯಾದರೆ ಆಕೆಯ ಆಸ್ತಿಯ ಹಕ್ಕು ಗಂಡನಿಗೆ. 1857ರವರೆಗೆ ಮರುಮದುವೆಗೆ ಅವಕಾಶ ಕೊಡುವ ಪೂರ್ಣ ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟೇ ಕಾಯಿದೆ ಹೊರಡಿಸಬೇಕಿತ್ತು. ನಿಜವಲ್ಲದವೂ ಬೇಕಾದಷ್ಟಿವೆ. ಸೊಂಟ ಮುರಿಯುವಂತೆ ಕಾರ್ಸೆಟ್ ಬಿಗಿಯುವುದನ್ನು ತೋರಿಸಿದ್ದಾರೆ. ಆ ಕಾಲದ ಉಡುಪಿನ ಗೆರೆ ಎದೆಯ ಕೆಳಗೇ ನಿಲ್ಲುತ್ತಿತ್ತು, ಸೊಂಟ ಕಾಣಿಸುತ್ತಲೇ ಇರಲಿಲ್ಲ, ಬಿಗಿಯುವ ಅಗತ್ಯವೂ ಇರಲಿಲ್ಲ. ಎಲ್ಲ ವರ್ಣದ ಗಣ್ಯರು ಒಂದೇ ಸಭಾಂಗಣದಲ್ಲಿ ಕುಣಿಯುವುದು ಕನಸು, ಸರಣಿ ಅದನ್ನು ಕನಸೆಂದೇ ಮುಂದಿಡುತ್ತದೆ. ಆದರೆ ಆ ಕನಸಿನ ಅರಮನೆಗಳಿಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಅದು ಕೇಳದೆ ಬಿಟ್ಟದ್ದು ಅನೇಕರಿಗೆ ನೋವುಂಟುಮಾಡಿತು. ನನಗೂ. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಜನ ನೋಡಲು ಹೋಗುತ್ತಿದ್ದ ಒಂದು ವಸ್ತು ಯಾವುದು ಗೊತ್ತೇ? ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ. ಆ ಕಾಲದ ಇಂಗ್ಲೆಂಡಿನ ವೀರ ವೆಲಿಂಗ್ಟನ್ 1799ರಲ್ಲಿ ಆ ಕೋಟೆ ಬಿದ್ದಮೇಲೆ ಅದರ ಆಡಳಿತ ವಹಿಸಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿಯೇ.

ನಿಮಗೆ ಹಿಡಿಸಿದ ಎರಡನೆಯ ಸೀಸನ್‌ನಲ್ಲಿ ಕಾದಂಬರಿಯ ಕೇಟ್ ಶೆಫೀಲ್ಡ್ ಎಂಬ ಇಂಗ್ಲಿಷ್ ಹುಡುಗಿ ಮುಂಬಯಿಯಿಂದ ಬಂದ ಕೇಟ್ ಶರ್ಮಾ ಆದಳು. ಆಕೆ ತಂದೆಯನ್ನು ನೆನೆದು ‘ಅಪ್ಪಾ’ ಎಂದಾಗ ನಮ್ಮ ಕಿವಿಗೆ ಹಾಯೆನಿಸುತ್ತದೆ. ಮರುಕ್ಷಣ ತಂಗಿ ‘ದೀದಿ’ ಎನ್ನುತ್ತಾಳೆ, ಅಕ್ಕ ಬಂಗಾಳಿಯಲ್ಲಿ ‘ಬೋನ್’ ಎನ್ನುತ್ತಾಳೆ. ಯಾವ ಮನೆಯ ಹುಡುಗಿಯರಿವರು ಎಂದು ಭಾರತದ ನೋಡುಗರು ಕೇಳಿದ್ದು ನ್ಯಾಯವೇ. ತಂಗಿಯ ತಲೆಗೆ ಎಣ್ಣೆ ಹಚ್ಚುವ ದೃಶ್ಯಕ್ಕೆ ಕಣ್ಣು ತುಂಬಿಕೊಂಡವರೂ ಇದ್ದಾರೆ, ಅದೂ ನ್ಯಾಯವೇ.

ಈ ಸೀಸನ್‌ನಲ್ಲಿ ನಾಯಕ ನಾಯಕಿ ಕೂಡುವುದು ಏಳನೆಯ ಕಂತಿನಲ್ಲಿ, ಎಂಟರಲ್ಲಿ ಏಳನೆಯದು. ‘ಬಿಸಿ ಕಡಿಮೆ’ ಎಂದು ದೂರಿದವರಲ್ಲಿ ಎರಡು ಬಗೆ. ಮೊದಲ ಬಗೆಯವರು ದೃಶ್ಯ ಎಣಿಸಿದರು, ಅವರ ವಿಷಯ ಬಿಡಿ. ಎರಡನೆಯವರು ಕಾದಂಬರಿ ಓದಿದವರು. ಪುಸ್ತಕದಲ್ಲಿ ಜೇನುನೊಣ ಕಚ್ಚುವ ಪ್ರಸಂಗದಿಂದ ಕೇಟ್ ಮತ್ತು ಆಂಥೋನಿ ಮದುವೆಯಾಗಲೇಬೇಕಾಗುತ್ತದೆ. ಆಮೇಲಿನ ದಾಂಪತ್ಯದಲ್ಲಿ ಸಾವಿನ ಭಯ ಹೊತ್ತ ಗಂಡಸು ಹೆಂಡತಿಯ ಮುಂದೆ ಸ್ವಲ್ಪಸ್ವಲ್ಪವಾಗಿ ಕರಗುತ್ತಾನೆ. ಸರಣಿ ಜೇನುನೊಣವನ್ನು ಉಳಿಸಿಕೊಂಡು ಮದುವೆಯನ್ನು ಕೈಬಿಟ್ಟಿತು. ಬದಲಿಗೆ ತಂಗಿ ಎಡ್ವಿನಾಳನ್ನು ಮದುವೆಯ ಪೀಠದವರೆಗೆ ಎಳೆದೊಯ್ದಿತು. ಓದಿದವರು ಕಳೆದುಕೊಂಡದ್ದು ಒಂದು ದಾಂಪತ್ಯವನ್ನೇ. ಅವರ ದೂರನ್ನು ‘ಇವರಿಗೆ ಹಸಿಬಿಸಿಯೇ ಬೇಕು’ ಎಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ.

ಹಾಗಿದ್ದೂ ನಿಮ್ಮ ಮೆಚ್ಚುಗೆ ಹಳೇ ಕಾಲದ್ದಲ್ಲ. ಆರನೆಯ ಕಂತಿನಲ್ಲಿ ಮದುವೆ ನಡೆಯುತ್ತಿರುವಾಗ ಕೇಟ್‌ಳ ಕೈಯ ಬಳೆ ಕಳಚಿ ನೆಲಕ್ಕೆ ಬೀಳುತ್ತದೆ, ಮದುಮಗ ಆಂಥೋನಿ ಬಗ್ಗಿ ಅದನ್ನು ಎತ್ತಿಕೊಡುತ್ತಾನೆ, ಮದುಮಗಳು ಎಡ್ವಿನಾ ಇಬ್ಬರ ಮುಖವನ್ನೂ ನೋಡುತ್ತಾಳೆ. ಅಷ್ಟೇ. ಮೂವರೂ ಪೂರ್ತಿ ಬಟ್ಟೆ ತೊಟ್ಟಿದ್ದಾರೆ. ಈ ಸರಣಿಯ ಅತ್ಯಂತ ಬೆತ್ತಲೆ ಕ್ಷಣ ನನಗೆ ಅದೇ. ಅಡಗಿಸಿಕೊಂಡದ್ದೆಲ್ಲ ಒಂದು ಬಳೆಯ ಸದ್ದಿಗೆ ಹೊರಗೆ ಬಂತು. ಕರ್ತವ್ಯವನ್ನು ಕವಚದಂತೆ ತೊಟ್ಟ ಇಬ್ಬರ ಕಥೆಗೆ ತಡೆಹಿಡಿಯುವುದೇ ತಕ್ಕ ರೀತಿ. ಏನೂ ತಿಳಿಯದ ಹುಡುಗಿಯ ಕಥೆಗೆ ತೋರಿಸುವುದೇ ತಕ್ಕ ರೀತಿ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೇ ನಿಮ್ಮ ಮನೆಯ ಜಗಳಕ್ಕೆ ಮೂಲ.

ಮೂರನೆಯ ಸೀಸನ್ 2024ರ ಮೇ ಮತ್ತು ಜೂನ್‌ನಲ್ಲಿ ಎರಡು ಭಾಗವಾಗಿ ಬಂತು. ಕಥೆ ನನಗೆ ಸಡಿಲವೆನ್ನಿಸಿತು, ಆದರೆ ನಾಯಕಿ ಪೆನೆಲೊಪಿಯ ಪಾತ್ರದ ನಟಿ ನಿಕೋಲಾ ಕಾಗ್ಲನ್ ಬಗ್ಗೆ ಹೇಳಲೇಬೇಕು. ತನ್ನ ಮೈಕಟ್ಟಿನ ಬಗ್ಗೆ ವರ್ಷಗಟ್ಟಲೆ ಕೇಳಿದ ಮಾತುಗಳಿಗೆ ಉತ್ತರವಾಗಿ, ಒಂದು ದೃಶ್ಯದಲ್ಲಿ ಅಷ್ಟು ತೆರೆದುಕೊಳ್ಳುವುದನ್ನು ತಾನೇ ಕೇಳಿ ಪಡೆದದ್ದಾಗಿ ಆಕೆ ಬಹಿರಂಗವಾಗಿ ಹೇಳಿದ್ದಾರೆ. ದಪ್ಪಗಿನ ಹುಡುಗಿಯನ್ನು ಗೆಳತಿಯ ಪಾತ್ರಕ್ಕೋ ನಗೆಗೋ ಮೀಸಲಿಟ್ಟ ಪರದೆಯ ಮೇಲೆ ಅದನ್ನು ನೋಡಿ ಅತ್ತ ಹೆಣ್ಣುಮಕ್ಕಳು ಬಹಳ. ಅದೇ ದೃಶ್ಯವನ್ನು ‘ಬೇಕಿರಲಿಲ್ಲ’ ಎಂದವರಿಗೆ ಆ ದುಃಖದ ಅನುಭವ ಇದ್ದಿರಲಾರದು.

ನಾದಿನಿಯವರಿಗೆ ಒಂದು ನಮ್ಮ ಕಥೆ ಹೇಳಿ. ಅವರನ್ನು ಸೋಲಿಸುವುದಕ್ಕಲ್ಲ, ಅವರ ಮುಜುಗರ ನಿಜವಾದದ್ದು, ನಾನು ಅದನ್ನು ಗೌರವಿಸುತ್ತೇನೆ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದ ಮುದ್ದುಪಳನಿ ಎಂಬಾಕೆ ರಾಧೆಯ ಶೃಂಗಾರವನ್ನು ತೆಲುಗಿನಲ್ಲಿ ಕಾವ್ಯ ಮಾಡಿದ್ದಳು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಅದನ್ನು ಪೂರ್ಣ ರೂಪದಲ್ಲಿ ಅಚ್ಚು ಹಾಕಿಸಿದರು. ಹೆಂಗಸು ಕೇಳಲೂ ಬಾರದ್ದನ್ನು ಹೆಂಗಸೇ ಬರೆದಳೆಂದು ತೆಲುಗಿನ ವೀರೇಶಲಿಂಗಂ ಅವರಂಥ ಸಮಾಜ ಸುಧಾರಕರೇ ಆ ಕಾವ್ಯವನ್ನು ಹಳಿದಿದ್ದರು. ನಾಚಿಕೆ ಹೆಣ್ಣಿಗೆ ಮಾತ್ರವೇ, ಗಂಡಿಗೆ ಇಲ್ಲವೇ ಎಂದು ನಾಗರತ್ನಮ್ಮ ತಿರುಗಿ ಕೇಳಿದರು. ಸರಕಾರ ಪುಸ್ತಕವನ್ನು ನಿಷೇಧಿಸಿತು, ನಿಷೇಧ ತೆರವಾದದ್ದು 1947ರಲ್ಲಿ. ಗಂಡಸು ಬರೆದ ಶೃಂಗಾರ ಪಾಠಪುಸ್ತಕಕ್ಕೂ ಬರುತ್ತದೆ, ಹೆಣ್ಣು ತನ್ನ ಆಸೆಯನ್ನು ತಾನೇ ಹೇಳಿದಾಗ ನಮಗೆ ಹೆಚ್ಚು ಕಸಿವಿಸಿ. ಈ ಸರಣಿಯ ಮೇಲಿನ ಸಿಟ್ಟಿನಲ್ಲಿ ಅದರ ಪಾಲೂ ಸ್ವಲ್ಪ ಇದೆ. ಪೂರ್ತಿ ಅದೇ ಅಲ್ಲ; ಆರನೆಯ ಕಂತಿನ ಬಗ್ಗೆ ಅವರು ಹೇಳಿದ್ದು ಸರಿ ಎಂದು ಆಗಲೇ ಒಪ್ಪಿದ್ದೇನೆ.

ಅತ್ತೆಯವರಿಗೆ ಎರಡನೆಯ ಸೀಸನ್ನೇ ಸರಿ. ಮೊದಲ ಕಂತಿನಲ್ಲಿ ಆಂಥೋನಿಯ ಹಳೆಯ ಚಾಳಿಯನ್ನು ತೋರಿಸುವ ಒಂದು ಚಿಕ್ಕ ತುಣುಕಿದೆ, ರಿಮೋಟ್ ಕೈಯಲ್ಲಿರಲಿ. ಮೂರನೆಯ ಕಂತಿನಲ್ಲಿ ಮನೆಮಂದಿಯೆಲ್ಲ ಕೋಲು ಹಿಡಿದು ಹುಲ್ಲಿನ ಮೇಲೆ ಚೆಂಡಾಟ ಆಡುವುದನ್ನು ನೋಡಿ ಅವರು ಖಂಡಿತ ನಗುತ್ತಾರೆ. ಆರನೆಯದರಲ್ಲಿ ಅರಿಸಿನ ಹಚ್ಚುವ ಶಾಸ್ತ್ರ ಬರುತ್ತದೆ, ಅದರ ಬಗ್ಗೆ ಅವರಿಗೆ ಹೇಳುವುದು ಬಹಳ ಇರಬಹುದು, ನಿಲ್ಲಿಸಿ ಕೇಳಿ. ಏಳನೆಯದರಲ್ಲಿ ರಾತ್ರಿಯ ತೋಟದ ದೃಶ್ಯ ಬಂದಾಗ ಮುಂದಕ್ಕೆ ಓಡಿಸಿ ಎಂಟನೆಯದಕ್ಕೆ ಹೋಗಿ. ರಾಣಿಯ ಕೇಶಾಲಂಕಾರಗಳನ್ನು ಮಾತ್ರ ಓಡಿಸಬೇಡಿ, ಒಂದೊಂದೂ ಒಂದೊಂದು ಗೋಪುರದಂತಿವೆ, ಅವರು ನೋಡಬೇಕೆಂದದ್ದು ಇಂಥದನ್ನೇ.